ಬೆಳೆ ಕಾಯುವ ಕೋವಿ: ಉಕ್ಕಿನ ಚರೆ ಕೇಳುವವರಿಗೆ ಎಂಟು ಮಾತು

ಯಲ್ಲದಕೆರೆ ಸುತ್ತಿನ ಹೊಲಗಳಲ್ಲಿ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಇಳಿಯುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ನನ್ನಂಥ ಕೆಲವರ ಮನೆಯಲ್ಲಿದೆ. ಈಗಿನ ಹುಡುಗರು ಮೊಬೈಲಿನಲ್ಲಿ ಅಮೆರಿಕದವರು ಮನೆಯಲ್ಲೇ ಸೀಸದ ಬದಲು ಉಕ್ಕಿನ ಚರೆ (ಸಣ್ಣ ಗುಂಡು) ತುಂಬಿ ತೋಟಾ ಕಟ್ಟುವುದನ್ನು ನೋಡಿ, "ನಾವೂ ಯಾಕೆ ಮಾಡಬಾರದು ಮಾವ?" ಅನ್ನುತ್ತಾರೆ. ಅವರಿಗೆ ಹೇಳುತ್ತಾ ಬಂದಿದ್ದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

1. ಮೊದಲು ಲೈಸೆನ್ಸ್ ಓದಿ.
1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆಂದು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿಗೆ ಅನುಮತಿ. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ವಾದಿಸಬೇಡಿ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ನಮ್ಮ ಹಿರಿಯೂರು ತಾಲ್ಲೂಕಿಗೆ ಅನ್ವಯಿಸುವುದಿಲ್ಲ.

2. ತೋಟಾ ಕೊಳ್ಳಿ, ಕಟ್ಟಬೇಡಿ.
ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ಇವತ್ತಿಗೂ ನೋಡಬಹುದು. ಪಾಳೇಗಾರರ ಕಾಲಕ್ಕೆ ಅದು ಸರಿ. ಈಗ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ಕಾನೂನಿನ ಮಾತು ಬದಿಗಿಟ್ಟರೂ ಕೆಲಸವೇ ಅಪಾಯದ್ದು. ತೋಟಾದೊಳಗಿನ ಮದ್ದು, ಕೇಪು, ನಡುವಿನ ಬಿರಡೆ, ಚರೆ, ಹೊರಗಿನ ಕೊಳವೆ ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸಿ ಹೊಂದಿಸಿರುತ್ತಾರೆ. ಒಂದನ್ನು ಬದಲಿಸಿದರೂ ನಳಿಗೆಯೊಳಗಿನ ಒತ್ತಡ ಎಲ್ಲಿಗೆ ಏರುತ್ತದೆಂದು ಅಳತೆಯ ಯಂತ್ರ ಇಲ್ಲದವನಿಗೆ ತಿಳಿಯುವುದಿಲ್ಲ. ಸೀಸದ ಲೆಕ್ಕದಲ್ಲಿ ಉಕ್ಕು ತುಂಬಿದರಂತೂ ಒತ್ತಡ ಮಿತಿ ಮೀರಬಹುದು.

3. ಉಕ್ಕು ಸೀಸದ ಹಾಗೆ ಹಾರುವುದಿಲ್ಲ.
ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ, ಉಕ್ಕು ಸುಮಾರು 7.8 ಗ್ರಾಂ. ಅದೇ ಗಾತ್ರದ ಚರೆ ಉಕ್ಕಿನದಾದರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಹೊರದೇಶದ ಬೇಟೆಗಾರರು ಸೀಸಕ್ಕಿಂತ ಎರಡು ನಂಬರು ದಪ್ಪನೆಯ ಉಕ್ಕಿನ ಚರೆ ಆರಿಸುತ್ತಾರೆ, ಹೊಡೆಯುವ ದೂರವನ್ನೂ ಕಡಿಮೆ ಮಾಡಿಕೊಳ್ಳುತ್ತಾರೆ. ದೂರದಿಂದ ಹೊಡೆದು ಗಾಯ ಮಾಡಿದ ಹಂದಿ ಇಡೀ ಹಿಂಡಿಗಿಂತ ಅಪಾಯ. ಬೆಳಿಗ್ಗೆ ಕಳೆ ತೆಗೆಯಲು ಬರುವ ಹೆಂಗಸರಿಗೆ ಅದು ಎದುರಾಗುತ್ತದೆ.

4. ಹಳೆಯ ನಳಿಗೆಗೆ ಉಕ್ಕು ಬೇಡ.
ಸೀಸ ಉಗುರಿನಲ್ಲಿ ಗೀರಬಹುದಾದಷ್ಟು ಮೆತ್ತಗೆ. ನಳಿಗೆಯ ಬಾಯಿ ಕಿರಿದಾಗುವ ಕಡೆ, ಚೋಕ್ ಎನ್ನುವ ಜಾಗದಲ್ಲಿ, ಅದು ಒತ್ತಿಕೊಂಡು ದಾಟುತ್ತದೆ. ಉಕ್ಕು ಬಗ್ಗುವುದಿಲ್ಲ, ನಳಿಗೆಯೇ ಉಬ್ಬಬೇಕಾಗುತ್ತದೆ. ಯುರೋಪಿನ ಕೋವಿಗಳಲ್ಲಿ ಬಿರುಸಿನ ಉಕ್ಕಿನ ತೋಟಾ ತಡೆಯುವಂಥದ್ದಕ್ಕೆ ಲಿಲ್ಲಿ ಹೂವಿನ ಗುರುತು ಒತ್ತಿರುತ್ತಾರೆ. ತಾತನ ಕಾಲದ ಜೋಡುನಳಿಗೆಯಲ್ಲಿ, ಅದರಲ್ಲೂ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ನಳಿಗೆಯಲ್ಲಿ, ಆ ಪ್ರಯೋಗವೇ ಬೇಡ.

5. ಬೇರಿಂಗ್ ಬಾಲ್ಸು ಚರೆಯಲ್ಲ.
ಸೈಕಲ್ಲಿನ ಬಾಲ್ಸು, ಮೊಳೆ ತುಂಡು ಹಾಕಿ ಗಜದಿಂದ ಜಡಿಯುವವರು ಇದ್ದಾರೆ. ಕಾರ್ಖಾನೆಯ ಉಕ್ಕಿನ ಚರೆ ಮೆದು ಕಬ್ಬಿಣದ್ದು, ನಳಿಗೆಗೆ ತಾಗದಂತೆ ದಪ್ಪ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂತಿರುತ್ತದೆ. ಬೇರಿಂಗಿನ ಬಾಲ್ಸು ಹದಗೊಳಿಸಿದ ಗಟ್ಟಿ ಉಕ್ಕು. ನಳಿಗೆಯನ್ನು ಒಳಗಿನಿಂದಲೇ ಗೀರುತ್ತಾ ಹೋಗುತ್ತದೆ. ನಮ್ಮದು ಕಲ್ಲುಬಂಡೆಯ ಸೀಮೆ. ಬಂಡೆಗೆ ಬಡಿದ ಸೀಸ ಚಪ್ಪಟೆಯಾಗುತ್ತದೆ, ಉಕ್ಕು ಸಿಡಿದು ಎತ್ತಲೋ ಹಾರುತ್ತದೆ. ಪಕ್ಕದ ಹೊಲದಲ್ಲಿ ರಾತ್ರಿ ಮೋಟರು ಹಾಕಲು ಹೋದವನು ಯಾರೆಂದು ನಿಮಗೆ ಕಾಣುವುದಿಲ್ಲ.

6. ಬೋರು, ಉದ್ದ ಎರಡನ್ನೂ ನೋಡಿ.
ಹನ್ನೆರಡು ಬೋರು ಅಂದರೆ ಆ ನಳಿಗೆಯಗಲದ ಹನ್ನೆರಡು ಸೀಸದ ಗುಂಡು ಸೇರಿ ಒಂದು ಪೌಂಡು. ಹಾಗಾಗಿ ನಂಬರು ಹೆಚ್ಚಾದಷ್ಟೂ ನಳಿಗೆ ಸಣ್ಣದು. ಇಪ್ಪತ್ತು ಬೋರಿನ ತೋಟಾ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದುಕೊಂಡು ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ಎರಡು ಬೋರಿನ ತೋಟಾ ಒಂದೇ ಚೀಲದಲ್ಲಿ ಇರಕೂಡದು. ಎರಡೂವರೆ ಇಂಚಿನ ತೋಟಾಕ್ಕೆಂದು ಮಾಡಿದ ಹಳೆಯ ಕೋವಿಗೆ ಎರಡೂಮುಕ್ಕಾಲಿನ ತೋಟಾವೂ ಬೇಡ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿರದೆ ಒತ್ತಡ ಏರುತ್ತದೆ.

7. ಈಡು ಹುಸಿಯಾದರೆ ಅವಸರ ಮಾಡಬೇಡಿ.
ಕೇಪು ಸಿಡಿದು ಮದ್ದು ಹೊತ್ತದಿದ್ದರೆ ಬಾಯಿಗೆ ಇಣುಕುವುದು, ತಕ್ಷಣ ಬಿಚ್ಚುವುದು ಎರಡೂ ತಪ್ಪು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತುತ್ತದೆ. ಜನವಿಲ್ಲದ ದಿಕ್ಕಿಗೆ ಬಾಯಿ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಕರಿಮದ್ದಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ. ಆ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಒಪ್ಪಿಸುವ ಮುನ್ನ ನಳಿಗೆ ಖಾಲಿಯಿದೆಯೇ ಎಂದು ನೋಡಿ, ಶುಚಿ ಮಾಡಿ ಕೊಡಿ, ರಸೀದಿ ಪಡೆಯಿರಿ.

8. ಸೀಸವೂ ಸಾಚಾ ಅಲ್ಲ.
ಹಾಗಾದರೆ ಹೊರದೇಶದವರು ಉಕ್ಕಿಗೆ ಯಾಕೆ ಹೋದರು? ಬಾತುಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕೇ ನೀರುಹಕ್ಕಿ ಬೇಟೆಗೆ ಅಮೆರಿಕ 1991ರಲ್ಲಿ ದೇಶವಿಡೀ ಸೀಸದ ಚರೆ ನಿಲ್ಲಿಸಿತು. ಯುರೋಪಿನ ಒಕ್ಕೂಟ 2023ರ ಫೆಬ್ರವರಿ 15ರಿಂದ ಜೌಗು ಪ್ರದೇಶಗಳಲ್ಲಿ ಅದನ್ನು ನಿಷೇಧಿಸಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಈಗ ನೀರುಹಕ್ಕಿ ಬೇಟೆಗೆ ಅನುಮತಿಯೇ ಇಲ್ಲ, ಹಾಗಾಗಿ ಉಕ್ಕಿನ ಅಗತ್ಯವೂ ನಮಗೆ ಹುಟ್ಟಿಲ್ಲ. ಆದರೂ ವಾಣಿವಿಲಾಸ ಸಾಗರದ ಹಿನ್ನೀರಿನ ಹೊಲವಿರಲಿ, ಊರ ಕೆರೆಯಂಗಳವಿರಲಿ, ಅಲ್ಲಿ ಸೀಸ ಚೆಲ್ಲಬೇಡಿ. ಬೆದರಿಸುವುದಕ್ಕಾದರೆ ಪಟಾಕಿ, ತಮಟೆ ಸಾಕು.

ಕೊನೆಗೊಂದು ಮಾತು. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಹಂದಿಯನ್ನು ಕೊಲ್ಲುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ನವಿಲು, ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅವುಗಳತ್ತ ಕೋವಿ ತಿರುಗಿಸುವ ಮಾತೇ ಇಲ್ಲ. ಬೆಳೆ ಹಾಳಾದ ಮರುದಿನವೇ ಫೋಟೊ ತೆಗೆದು, ಪಹಣಿ ಹಿಡಿದು ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ನಾಲ್ಕು ಜನ ಸೇರಿ ಸೋಲಾರ್ ಬೇಲಿ ಹಾಕಿಸಿ. ಕರೆಂಟಿನ ತಂತಿಯನ್ನು ನೇರವಾಗಿ ಬೇಲಿಗೆ ಬಿಡುವ ಪಾಪ ಮಾತ್ರ ಬೇಡ. ಕೋವಿಯೊಳಗೆ ಏನು ಹೋಗಬೇಕೆಂದು ನಳಿಗೆ ಮತ್ತು ಲೈಸೆನ್ಸ್ ತೀರ್ಮಾನಿಸಲಿ. ಹಂದಿಯ ಮೇಲಿನ ಸಿಟ್ಟಿಗೆ ಆ ಅಧಿಕಾರ ಕೊಡಬೇಡಿ.