ಮಧ್ಯಾಹ್ನ ಮಾವಿನೆಲೆ ಜೋತರೆ ಗಾಬರಿ ಬೇಡ

ಅಮ್ಮಾ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಿಮ್ಮ ಎರಡು ವರ್ಷದ ಕಸಿ ಮಾವು ಮಧ್ಯಾಹ್ನ ಎಲೆ ಇಳಿಬಿಟ್ಟು, ಸಂಜೆ ಚೇತರಿಸಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಸಂಜೆ ಚೇತರಿಸಿಕೊಳ್ಳುತ್ತದಲ್ಲ, ಅಷ್ಟು ಸಾಕು, ಗಿಡ ಆರೋಗ್ಯವಾಗಿದೆ.

ಮಾವಿನೆಲೆಯ ಅಡಿಮೈಯಲ್ಲಿ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಇಂಗಾಲದ ಡೈಆಕ್ಸೈಡ್ ಒಳಬರುವುದೂ ನೀರಾವಿ ಹೊರಹೋಗುವುದೂ ಅದೇ ಬಾಗಿಲಲ್ಲಿ. ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಆವಿಯಾಗತೊಡಗಿದರೆ ಗಿಡ ಆ ಬಾಗಿಲನ್ನು ಕಿರಿದಾಗಿಸುತ್ತದೆ. ಆಗ ಆಹಾರ ತಯಾರಿಕೆ ಕುಗ್ಗುತ್ತದೆ, ಬಿಸಿಲು ಮಾತ್ರ ಸುರಿಯುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕು ಎಲೆಯನ್ನೇ ಕೆಡಿಸಬಲ್ಲದು. ಹಾಗಾಗದಂತೆ ಜ್ಯಾಂತೊಫಿಲ್ ಎಂಬ ಹಳದಿ ವರ್ಣಕಗಳು ಕೆಲವೇ ನಿಮಿಷಗಳಲ್ಲಿ ರೂಪ ಬದಲಿಸಿ, ಹೆಚ್ಚಾದ ಬೆಳಕನ್ನು ಶಾಖವಾಗಿ ಹೊರಹಾಕಲು ನೆರವಾಗುತ್ತವೆ. ಇಷ್ಟು ವರ್ಷ ಓದಿದ ಮೇಲೂ ಇದು ನನಗೆ ಬೆರಗೇ. ಜೋತ ಎಲೆಯ ಮೇಲೆ ನೆತ್ತಿಯ ಬಿಸಿಲು ಓರೆಯಾಗಿ ಬೀಳುವುದರಿಂದಲೂ ಹೊರೆ ತಗ್ಗುತ್ತದೆ.

ಚಿಗುರಿನ ತಾಮ್ರದ ಬಣ್ಣ ರೋಗವಲ್ಲ, ಔಷಧಿ ಹೊಡೆಯಬೇಡಿ. ಬೆರಳಲ್ಲಿ ಹಿಡಿದು ನೋಡಿ, ಒದ್ದೆ ಬಟ್ಟೆಯಷ್ಟು ಮೆತ್ತಗಿರುತ್ತದೆ. ಹಸಿರು ತುಂಬುವವರೆಗೆ ಆಂಥೋಸಯನಿನ್ ಎಂಬ ಕೆಂಪು ವರ್ಣಕವೇ ಅದಕ್ಕೆ ಕೊಡೆ.

ನೆರೆಯವರು ಹೇಳಿದರೆಂದು ನಡುಮಧ್ಯಾಹ್ನ ಯೂರಿಯಾ ನೀರು ಸಿಂಪಡಿಸಬೇಡಿ, ಎಲೆ ಸುಟ್ಟೀತು. ಸಂಜೆ ಪಾತಿಗೆ ನಿಧಾನವಾಗಿ ನೀರುಣಿಸಿ. ಮೇಲೆ ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಸೂರ್ಯ ಹುಟ್ಟುವ ಮೊದಲೇ ಎಲೆ ಜೋತಿದ್ದರೆ ಮಾತ್ರ ತಡಮಾಡದೆ ಮಣ್ಣು ಕೆದಕಿ ನೋಡಿ. ಒಣಗಿದ್ದರೆ ನೀರು ಸಾಲದು. ಜೌಗಾಗಿದ್ದರೆ ಬೇರು ಕೊಳೆಯುತ್ತಿರಬಹುದು, ಕೂಡಲೇ ಮತ್ತೆ ಬರೆಯಿರಿ.