ಹರಾಜು ಕೂಗುವವರು ಎಷ್ಟು ಜನ?

ಮಗಳೇ, ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣದಲ್ಲಿ ನಿನಗೆ ಕೆಲಸ ಸಿಕ್ಕಿದಾಗ ನಿಮ್ಮಪ್ಪ ಮಾಗಡಿಯ ನೆಂಟರಿಗೆಲ್ಲ ಸಿಹಿ ಹಂಚಿದ್ದ. ಈಗ ನಿಮ್ಮ ವಿಮಾನ ಕಂಪನಿ ಇನ್ನೊಂದರ ಜೊತೆ ಸೇರುತ್ತದೆಂದು ಸುದ್ದಿಯಂತೆ. ನೀನು ಫೋನಿನಲ್ಲಿ ಅತ್ತುಬಿಟ್ಟೆಯೆಂದು ನಿಮ್ಮ ದೊಡ್ಡಮ್ಮ ಹೇಳಿದಳು.

ನಾನು ಮೂವತ್ತು ವರ್ಷ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿದವನು. ನೂಲು ತೆಗೆಯುವ ರೀಲರು ಬಂದು ಒಂದು ಹಿಡಿ ಗೂಡೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳು ಟಕಟಕ ಅನ್ನುತ್ತದಾ ಅಂತ ಕೇಳುತ್ತಿದ್ದ. ಎಂಟು ಜನ ಕೂಗಿದ ದಿನ ರೇಟು ತಾನಾಗಿ ಏರುತ್ತಿತ್ತು. ಇಬ್ಬರೇ ನಿಂತ ದಿನ ಎರಡು ಕೂಗಿಗೆ ಹರಾಜು ಮುಗಿಯುತ್ತಿತ್ತು. ಬೇಡವೆಂದು ವಾಪಸು ಹೊತ್ತೊಯ್ಯೋಣವೆಂದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆಯೆಲ್ಲ ತುಂಡು. ನಿನ್ನ ದುಡಿಮೆಯೂ ಹಾಗೇ ಕಣವ್ವ, ಇವತ್ತಿನದನ್ನು ನಾಳೆ ಮಾರಲಾಗದು. ಕೊಳ್ಳುವ ಕಂಪನಿಗಳು ಎಷ್ಟಿವೆ ಅನ್ನುವುದು ಪ್ರಯಾಣಿಕರಿಗಿಂತ ನಿನಗೇ ಹೆಚ್ಚು ಮುಖ್ಯ.

ಕಂಪನಿಗಳ ನಡುವಿನ ಪೈಪೋಟಿಯನ್ನು ಕಾಯಲು ದಿಲ್ಲಿಯಲ್ಲಿ ಸ್ಪರ್ಧಾ ಆಯೋಗವಿದೆ. ಕಾಯ್ದೆ 2002ರದ್ದು, ದೊಡ್ಡ ಕಂಪನಿಗಳು ಸೇರುವ ಮೊದಲು ಆಯೋಗದ ಒಪ್ಪಿಗೆ ಬೇಕೆಂಬ ಕಲಮು ಜಾರಿಗೆ ಬಂದದ್ದು ಮಾತ್ರ 2011ರ ಜೂನ್ 1ಕ್ಕೆ. ಅಷ್ಟರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ (ಅವರೂ ಮೊದಲು ರೇಷ್ಮೆ ಹುಳು ಸಾಕಿದವರೇ) 2003ರಲ್ಲಿ ಹಾರಿಸಿದ ಏರ್ ಡೆಕ್ಕನ್, ಕಿಂಗ್‌ಫಿಶರ್ ಒಳಗೆ ಕರಗಿಹೋಗಿತ್ತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ನೆಲಕ್ಕಿಳಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು.

ಏರ್ ಇಂಡಿಯಾ ಮತ್ತು ವಿಸ್ತಾರಾ ಸೇರಲು ಆಯೋಗ 2023ರ ಸೆಪ್ಟೆಂಬರ್ 1ರಂದು ಒಪ್ಪಿತು, ಕಂಪನಿಗಳೇ ಕೊಟ್ಟ ಭರವಸೆಗಳನ್ನು ಪಾಲಿಸಬೇಕೆಂಬ ಷರತ್ತಿನ ಮೇಲೆ. ಆದರೆ ಆಯೋಗ ಮುಖ್ಯವಾಗಿ ತೂಗುವುದು ಯಾವ ಮಾರ್ಗದಲ್ಲಿ ಪೈಪೋಟಿ ಉಳಿಯುತ್ತದೆ, ಟಿಕೆಟ್ ದರ ಏನಾಗುತ್ತದೆ ಅನ್ನುವುದನ್ನು. ನಿನ್ನ ಸೀನಿಯಾರಿಟಿ ಆ ತಕ್ಕಡಿಗೆ ಬರುವುದಿಲ್ಲ.

ನೌಕರರ ಜಗಳವೆಲ್ಲ ಹುಟ್ಟುವುದು ಆ ತಕ್ಕಡಿಗೆ ಬಾರದ ಇಂಥ ವಿಷಯಗಳಲ್ಲೇ. ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದದ್ದು 2007ರಲ್ಲಿ. 2011ರಲ್ಲಿ ಇಂಡಿಯನ್ ಏರ್‌ಲೈನ್ಸಿನ ಹಳೇ ಪೈಲಟ್‌ಗಳು ಸಮಾನ ಸಂಬಳ ಕೇಳಿ ಮುಷ್ಕರ ಹೂಡಿದರು. ಮರುವರ್ಷ ಹಳೇ ಏರ್ ಇಂಡಿಯಾ ಪೈಲಟ್‌ಗಳ ಸರದಿ, ಡ್ರೀಮ್‌ಲೈನರ್ ತರಬೇತಿ ಇಂಡಿಯನ್ ಏರ್‌ಲೈನ್ಸಿನವರಿಗೇಕೆಂದು. ಬೆಂಗಳೂರಿನ ಎಐಎಕ್ಸ್ ಕನೆಕ್ಟ್ ವಿಮಾನ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ಸೇರುವುದಕ್ಕೆ ಕೆಲವೇ ತಿಂಗಳ ಮುಂಚೆ, 2024ರ ಮೇನಲ್ಲಿ, ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಒಟ್ಟಾಗಿ ಹುಷಾರಿಲ್ಲವೆಂದು ರಜೆ ಹಾಕಿದರು. ಅದಕ್ಕಾಗಿ ಕೆಲಸದಿಂದ ತೆಗೆದಿದ್ದವರನ್ನು ವಾಪಸು ಸೇರಿಸಿಕೊಳ್ಳಲು ಮಾತಾದದ್ದು ಕಾರ್ಮಿಕ ಆಯುಕ್ತರ ಎದುರು. ನಿನಗೆ ಯಾವತ್ತಾದರೂ ಬೇಕಾಗುವ ಬಾಗಿಲು ಅದೇ.

ಅದಕ್ಕೂ ಮೊದಲು ಕಾಗದ. ಒಮ್ಮೆ ತೂಕದ ಚೀಟಿ ಎಲ್ಲೋ ಬೀಳಿಸಿಕೊಂಡು, ನನ್ನದೇ ಗೂಡಿನ ದುಡ್ಡಿಗೆ ನಾನೇ ಸಾಕ್ಷಿ ಹುಡುಕುತ್ತ ಅರ್ಧ ದಿನ ಅಲೆದಿದ್ದೇನೆ. ನೇಮಕಾತಿ ಪತ್ರ, ಬಡ್ತಿ ಪತ್ರ, ರಜೆಯ ಲೆಕ್ಕ, ಪಿಎಫ್ ಪಾಸ್‌ಬುಕ್ಕು, ತರಬೇತಿಯ ಸರ್ಟಿಫಿಕೇಟು, ಎಲ್ಲದರ ಜೆರಾಕ್ಸ್ ತಂದು ನಮ್ಮ ಟ್ರಂಕಿನಲ್ಲಿಡು. ಕಂಪನಿಯ ಈಮೇಲ್‌ನಲ್ಲಷ್ಟೇ ಇದ್ದರೆ, ಹೆಸರು ಬದಲಾದ ದಿನ ಅದೂ ಮುಚ್ಚಿಹೋದೀತು. ಹೊಸ ಪತ್ರ ಕೊಟ್ಟರೆ ಅವತ್ತೇ ಸಹಿ ಹಾಕಬೇಡ. ಹಿಂದಿನ ಸೇವೆ ಮುಂದುವರಿಯುತ್ತದೆ ಅಂತಿದೆಯೋ, ಹೊಸ ನೇಮಕ ಅಂತಿದೆಯೋ, ಅದೊಂದು ಸಾಲು ಹುಡುಕು. ಹೊಸದೆಂದಿದ್ದರೆ ಗ್ರಾಚ್ಯುಟಿಯ ವರ್ಷಗಳನ್ನು ಮತ್ತೆ ಒಂದರಿಂದ ಎಣಿಸಿಬಿಟ್ಟಾರು.

ಭಾನುವಾರ ಬರುವಾಗ ಎಲ್ಲ ತಗೊಂಡು ಬಾ, ಕನಕಪುರದಲ್ಲಿ ಪರಿಚಯದ ವಕೀಲರಿದ್ದಾರೆ, ತೋರಿಸೋಣ. ಬೆಳಗ್ಗೆಯೇ ಬಂದುಬಿಡು. ಹುಳು ಹಣ್ಣಾಗಿವೆ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡಲು ನಮಗೂ ಒಂದು ಕೈ ಬೇಕು.