ಸಣ್ಣ ಹಿಡುವಳಿಗೆ ಮಿನಿ ಟ್ರ್ಯಾಕ್ಟರ್: ಖರೀದಿಗೆ ಮುನ್ನ ಹಾಕಬೇಕಾದ ಲೆಕ್ಕ



ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರದಲ್ಲಿ ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ರೈತರ ಮಾತು ಸಾಮಾನ್ಯವಾಗಿ ಒಂದೇ. ಊರಿನಲ್ಲಿರುವ ಮೂರು ನಾಲ್ಕು ಟ್ರ್ಯಾಕ್ಟರುಗಳೂ ದೊಡ್ಡ ಹಿಡುವಳಿದಾರರ ಹೊಲದಲ್ಲಿವೆ. ಎರಡು ಎಕರೆಯವನ ಸರದಿ ಬರುವ ಹೊತ್ತಿಗೆ ಭೂಮಿಯ ಹದ ಆರಿರುತ್ತದೆ. ಎತ್ತುಗಳನ್ನು ಸಾಕುವವರು ಕಡಿಮೆಯಾಗಿದ್ದಾರೆ. ಹೀಗಿರುವಾಗ "ನಾನೇ ಒಂದು ಸಣ್ಣ ಟ್ರ್ಯಾಕ್ಟರ್ ತೆಗೆದುಕೊಂಡುಬಿಡುತ್ತೇನೆ" ಎಂಬ ಯೋಚನೆ ಬರುವುದು ಸಹಜ. ಆ ಯೋಚನೆ ಬಂದ ರೈತನು ಬ್ಯಾಂಕಿಗೆ ಹೋಗುವ ಮುನ್ನ ಸಲಹೆ ಕೇಳುವುದು ಬಹುಪಾಲು ತನ್ನ ವಾರ್ಡಿನ ಸದಸ್ಯರನ್ನೇ. ಆದ್ದರಿಂದ ಈ ಪಾಠ.

ಮೂರು ವರ್ಷಗಳ ಹಿಂದೆ ಎರಡೂವರೆ ಎಕರೆಯ ರೈತರೊಬ್ಬರು ನನ್ನ ಬಳಿಗೂ ಬಂದಿದ್ದರು. "ಸಾರ್, ನೀವು ಇಂಜಿನಿಯರಿಂಗ್ ಓದಿದವರು, ಯಾವುದು ತೆಗೆದುಕೊಳ್ಳಲಿ ಹೇಳಿ" ಎಂದರು. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಓದಿದವನು. ಕೇಳಿದ್ದೇ ಸಾಕೆಂದು ಅಶ್ವಶಕ್ತಿ, ಟಾರ್ಕ್, ನಾಲ್ಕು ಚಕ್ರಗಳ ಚಾಲನೆ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಅವರ ಬಳಿ ಎಷ್ಟು ಎಕರೆ ಇದೆ, ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ ಎಂಬುದನ್ನು ಮಾತ್ರ ಕೇಳಲಿಲ್ಲ. ಅವರು ಸಾಲ ಮಾಡಿ ಒಳ್ಳೆಯ ಯಂತ್ರವನ್ನೇ ಕೊಂಡರು. ಎರಡು ವರ್ಷಗಳಾದ ಮೇಲೆ ಅದನ್ನು ಸುಮಾರು ಅರ್ಧ ಬೆಲೆಗೆ ಮಾರುವಾಗ ಅದರ ಗಂಟೆಮಾಪಕ 212 ತೋರಿಸುತ್ತಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಬಾಕಿ ಉಳಿದ ಸಾಲದ ಬೋಜಾ ಇಂದಿಗೂ ಅವರ ಪಹಣಿಯ 11ನೇ ಕಾಲಂನಲ್ಲಿದೆ. ತೆರಿಗೆ ವಸೂಲಿಗೆ ಅವರ ಮನೆಯ ಮುಂದೆ ನಿಂತಾಗಲೆಲ್ಲ ಆ ಅರ್ಧ ಗಂಟೆಯ ಉಪನ್ಯಾಸ ನನಗೆ ನೆನಪಾಗುತ್ತದೆ.

ಗಂಟೆಗಳ ಲೆಕ್ಕ

2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಇಷ್ಟು ಭೂಮಿಗೆ ಸ್ವಂತ ಟ್ರ್ಯಾಕ್ಟರ್ ಬೇಕೇ ಎಂಬುದನ್ನು ಅಂಕಿಯಲ್ಲಿಟ್ಟು ನೋಡಬೇಕು. ಕೆಳಗಿನ ಬೆಲೆಗಳು ಉದಾಹರಣೆಗಾಗಿ ಹಿಡಿದವು. ತಮ್ಮ ಊರಿನ ದರವನ್ನು ಆ ಜಾಗದಲ್ಲಿಟ್ಟು ಇದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿಕೊಳ್ಳಬಹುದು.

ಮೊದಲು ಕೆಲಸದ ವೇಗ. ಒಂದು ಮೀಟರ್ ಅಗಲದ ರೋಟವೇಟರ್ ಗಂಟೆಗೆ 2.5 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಗಂಟೆಗೆ 2,500 ಚದರ ಮೀಟರ್ ಆಗಬೇಕು. ಆದರೆ ಬದುವಿನ ತುದಿಯಲ್ಲಿ ತಿರುಗಿಸುವುದು, ಸಾಲಿನ ಮೇಲೆ ಸಾಲು ಸ್ವಲ್ಪ ಹಾಯುವುದು, ಕಸ ಸಿಕ್ಕಿದಾಗ ನಿಲ್ಲಿಸುವುದು ಇವೆಲ್ಲದರಲ್ಲಿ ಕಾಲುಭಾಗ ಹೋಗುತ್ತದೆ. ಉಳಿಯುವುದು 1,875 ಚದರ ಮೀಟರ್. ಎಕರೆಗೆ 4,047 ಚದರ ಮೀಟರ್ ಆದ್ದರಿಂದ ಒಂದು ಎಕರೆಗೆ 2 ಗಂಟೆ 10 ನಿಮಿಷ ಬೇಕು. ಉಳುಮೆ, ಹರಗುವುದು, ಎಡೆ ಹೊಡೆಯುವುದು ಎಲ್ಲ ಸೇರಿ ವರ್ಷಕ್ಕೆ ಆರು ಬಾರಿ ಎಂದು ಹಿಡಿದರೆ ಎಕರೆಗೆ 13 ಗಂಟೆ. ಐದು ಎಕರೆಯವರಿಗೆ 65 ಗಂಟೆ. ನಾನು ಹೇಳಿದ ರೈತರಿಗೆ ಸ್ವಂತ ಕೆಲಸ 33 ಗಂಟೆಗೂ ಕಡಿಮೆ. ಮಿಕ್ಕದ್ದನ್ನು ಅವರು ಬಾಡಿಗೆಗೆ ಓಡಿಸಿಯೇ ವರ್ಷಕ್ಕೆ 106 ಗಂಟೆ ಮುಟ್ಟಿಸಿದ್ದರು.

ಇನ್ನು ಖರ್ಚು. ಟ್ರ್ಯಾಕ್ಟರಿಗೆ 4,50,000 ರೂಪಾಯಿ, ರೋಟವೇಟರಿಗೆ 75,000 ರೂಪಾಯಿ, ಒಟ್ಟು 5,25,000 ಎಂದಿಟ್ಟುಕೊಳ್ಳೋಣ. ಹತ್ತು ವರ್ಷಗಳ ನಂತರ ಹತ್ತನೆಯ ಒಂದು ಭಾಗ, ಅಂದರೆ 52,500 ರೂಪಾಯಿ ಮರಳಿ ಸಿಗುವುದೆಂದು ಎಣಿಸಿದರೆ ಸವಕಳಿಯೇ ವರ್ಷಕ್ಕೆ 47,250. ತೊಡಗಿಸಿದ ಹಣದ ಸರಾಸರಿಯ ಮೇಲೆ ಶೇಕಡಾ 10ರ ಬಡ್ಡಿ 28,875. ವಿಮೆ, ನೆರಳಿನ ಚಪ್ಪರ ಇತ್ಯಾದಿಗೆ 10,000. ಹೀಗೆ ಯಂತ್ರ ಒಂದು ದಿನವೂ ಓಡದೆ ಮನೆಯ ಮುಂದೆ ನಿಂತಿದ್ದರೂ ವರ್ಷಕ್ಕೆ 86,125 ರೂಪಾಯಿ ಖರ್ಚು. ಓಡಿದಾಗ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 225. ಎಣ್ಣೆ ಮತ್ತು ದುರಸ್ತಿಗೆ 60. ಒಟ್ಟು 285 ರೂಪಾಯಿ. ಇಂಥದೇ ಯಂತ್ರ ಊರಿನಲ್ಲಿ ಗಂಟೆಗೆ 700 ರೂಪಾಯಿಯಂತೆ ಬಾಡಿಗೆಗೆ ಸಿಗುವುದಾದರೆ ಸ್ವಂತದ್ದರಲ್ಲಿ ಗಂಟೆಗೆ 415 ರೂಪಾಯಿ ಉಳಿತಾಯ. 86,125ನ್ನು 415ರಿಂದ ಭಾಗಿಸಿದರೆ ಬರುವುದು ಸುಮಾರು 208. ವರ್ಷಕ್ಕೆ 208 ಗಂಟೆ ಓಡಿದರೆ ಮಾತ್ರ ಸ್ವಂತ ಟ್ರ್ಯಾಕ್ಟರ್ ಬಾಡಿಗೆಯ ಟ್ರ್ಯಾಕ್ಟರಿಗೆ ಸಮ. ಅದಕ್ಕಿಂತ ಕಡಿಮೆ ಓಡಿದರೆ ನಷ್ಟ. ಈ ಲೆಕ್ಕದಲ್ಲಿ ರೈತನೇ ಚಾಲಕ; ಅವನ ಮೈದುಡಿಮೆಗೆ ಬೆಲೆ ಕಟ್ಟಿಲ್ಲ. ಗಂಟೆಗೆ 100 ರೂಪಾಯಿಯಂತೆ ಚಾಲಕನನ್ನು ಇಟ್ಟರೆ 208ರ ಜಾಗದಲ್ಲಿ 273 ಬರುತ್ತದೆ.

ಎಕರೆಗೆ 13 ಗಂಟೆಯಂತೆ 208 ಗಂಟೆ ಎಂದರೆ 16 ಎಕರೆ. ಅಂದರೆ ಅಕ್ಕಪಕ್ಕದ ಬದುವಿನ ನಾಲ್ಕೈದು ಸಣ್ಣ ಕುಟುಂಬಗಳ ಭೂಮಿಗೆ ಒಂದು ಯಂತ್ರ ಸರಿಹೋಗುತ್ತದೆ.

"ಸಹಾಯಧನ ಬರುತ್ತದಲ್ಲ" ಎಂಬ ಮಾತು ಇಲ್ಲಿ ತಪ್ಪದೆ ಬರುತ್ತದೆ. ಒಂದು ಲಕ್ಷ ರೂಪಾಯಿ ಸಹಾಯಧನ ದೊರೆಯಿತೆಂದು ಊಹಿಸಿ ಅದೇ ಲೆಕ್ಕ ಹಾಕಿದರೂ 171 ಗಂಟೆ ಬೇಕಾಗುತ್ತದೆ. ಸಹಾಯಧನವು ಕೊಳ್ಳಬೇಕಾದವನಿಗೆ ನೆರವು. ಕೊಳ್ಳಬಾರದವನನ್ನು ಕೊಳ್ಳುವ ಹಾಗೆ ಮಾಡುವುದಾದರೆ ಅದರಿಂದ ಅವನಿಗೆ ಉಪಕಾರವಿಲ್ಲ. ಕೃಷಿ ಯಾಂತ್ರೀಕರಣ ಯೋಜನೆಯಡಿ ವರ್ಗವಾರು ದರ ಮತ್ತು ಮಿತಿಗಳು ಆಯಾ ವರ್ಷದ ಮಾರ್ಗಸೂಚಿಯಂತೆ ಬದಲಾಗುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮಂಜೂರಾತಿ ಕೈಗೆ ಬಂದ ನಂತರವೇ ಮುಂಗಡ ಕಟ್ಟುವಂತೆ ರೈತರಿಗೆ ತಿಳಿಸತಕ್ಕದ್ದು. ಅರ್ಜಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಅದರಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಮೊದಲೇ ನೋಡಿಸುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದು ಮಾತನಾಡುವವರ ಎದುರು ಈ ಒಂದು ಅಂಕಿ ನೆನಪಿದ್ದರೆ ಸಾಕು.

ಸಾಲದ ಕಂತಿನ ಮಾತು ಬೇರೆ. 4,00,000 ರೂಪಾಯಿಯನ್ನು ಶೇಕಡಾ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ, ಆರು ತಿಂಗಳಿಗೊಂದು ಕಂತಿನಂತೆ ತೆಗೆದುಕೊಂಡರೆ ಪ್ರತಿ ಕಂತು ಸುಮಾರು 51,800 ರೂಪಾಯಿ. ವರ್ಷಕ್ಕೆ ಒಂದು ಲಕ್ಷ ಮೂರೂವರೆ ಸಾವಿರ. ಗಮನಿಸಬೇಕು: 208 ಗಂಟೆ ಪೂರ್ತಿ ಓಡಿಸಿದರೂ ಉಳಿಯುವುದು 86,000 ಚಿಲ್ಲರೆ. ಯಂತ್ರದ ಆಯುಸ್ಸು ಹತ್ತು ವರ್ಷ, ಸಾಲದ ಆಯುಸ್ಸು ಐದೇ ವರ್ಷ. ಮೊದಲ ಐದು ವರ್ಷ ಕೊರತೆಯನ್ನು ಬೇರೆ ಆದಾಯದಿಂದ, ಹಾಲಿನ ಬಟವಾಡೆಯಿಂದಲೋ ರೇಷ್ಮೆಗೂಡಿನಿಂದಲೋ ತುಂಬಬೇಕಾಗುತ್ತದೆ. ಕಂತಿನ ತಿಂಗಳು ಸುಗ್ಗಿಯ ನಂತರ ಬರುವಂತೆ ಬ್ಯಾಂಕಿನಲ್ಲಿ ಕೇಳಿ ಬರೆಸಿಕೊಳ್ಳಬಹುದು, ಕೇಳುವವರು ಕಡಿಮೆ.

ಯಾರು ಕೊಳ್ಳಬಹುದು

ಮೇಲಿನ ಲೆಕ್ಕ ಕಂಡು ಮಿನಿ ಟ್ರ್ಯಾಕ್ಟರೇ ಬೇಡವೆಂದು ತಿಳಿಯಬಾರದು. ದೊಡ್ಡ ಟ್ರ್ಯಾಕ್ಟರ್ ಹೋಗಲಾರದ ಕಡೆ ಇದರ ಬೆಲೆ ತಿಳಿಯುತ್ತದೆ. ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ 9 ಅಡಿ ಅಂತರ. ಜೋಡಿ ಸಾಲಿನ ಹಿಪ್ಪುನೇರಳೆಯಲ್ಲಿ ಎರಡು ಜೋಡಿಗಳ ನಡುವೆ 5 ಅಡಿ ಬಿಡುವುದು ಇಂಥ ಯಂತ್ರ ಓಡಾಡಲೆಂದೇ. ಬಾಳೆ, ದ್ರಾಕ್ಷಿ, ತರಕಾರಿಯಲ್ಲೂ ಹೀಗೆಯೇ. ಇಲ್ಲಿ ಹೋಲಿಕೆ ಬಾಡಿಗೆ ಟ್ರ್ಯಾಕ್ಟರಿನೊಡನೆ ಅಲ್ಲ, ಕಳೆ ತೆಗೆಯುವ ಆಳಿನ ಕೂಲಿಯೊಡನೆ. ಆದ್ದರಿಂದ 208 ಎಂಬ ಅಂಕಿ ಗಣನೀಯವಾಗಿ ಇಳಿಯಬಹುದು. ಹದದ ಮೂರು ದಿನಗಳಲ್ಲಿ ಬಿತ್ತನೆ ಮುಗಿಯುವುದರ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದನ್ನು ಗಂಟೆಯ ದರದಲ್ಲಿ ಅಳೆಯಲಾಗದು.

ಆದರೆ ಎರೆಭೂಮಿಯಲ್ಲಿ ಆಳದ ಉಳುಮೆ ಮಾಡಬೇಕೆಂದು 15 ಅಶ್ವಶಕ್ತಿಯದನ್ನು ಕೊಳ್ಳುವುದು ತಪ್ಪು. ಉಳುಮೆಯಲ್ಲಿ ಎಂಜಿನ್ನಿನ ಶಕ್ತಿಯಷ್ಟೇ ಯಂತ್ರದ ತೂಕವೂ ಮುಖ್ಯ. ತೂಕವಿಲ್ಲದ ಟ್ರ್ಯಾಕ್ಟರಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಡೀಸೆಲ್ ಉರಿಯುತ್ತದೆ, ನೇಗಿಲು ಮುಂದೆ ಹೋಗುವುದಿಲ್ಲ. ಆಳದ ಉಳುಮೆಗೆ ವರ್ಷಕ್ಕೊಮ್ಮೆ ದೊಡ್ಡದನ್ನು ಬಾಡಿಗೆಗೆ ಕರೆಯುವುದೇ ಸರಿ.

ಮಾರಾಟಗಾರರು ಹೇಳುವ ಅಶ್ವಶಕ್ತಿ ಎಂಜಿನ್ನಿನದು. ರೋಟವೇಟರನ್ನು ತಿರುಗಿಸುವ ಪಿಟಿಒ ದಂಡಕ್ಕೆ ತಲುಪುವ ಶಕ್ತಿ ಅದಕ್ಕಿಂತ ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಪಿಟಿಒ ಶಕ್ತಿ, ಎಳೆಯುವ ಬಲ, ಡೀಸೆಲ್ ಬಳಕೆ, ಬ್ರೇಕಿನ ಫಲಿತಾಂಶ ಎಲ್ಲವೂ ಅದರಲ್ಲಿವೆ. ಬಣ್ಣದ ಕರಪತ್ರದ ಬದಲು ಆ ವರದಿಯ ಪ್ರತಿಯನ್ನು ಕೊಡಿ ಎಂದು ಕೇಳಿದರೆ ಮಳಿಗೆಯಲ್ಲಿ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ನಾಲ್ಕು ಚಕ್ರಗಳ ಚಾಲನೆ ಗದ್ದೆಗೆ, ಇಳಿಜಾರಿನ ತೋಟಕ್ಕೆ ಬೇಕು. ಒಣಗಿದ ಸಮತಟ್ಟಾದ ಕೆಂಪು ಭೂಮಿಗೆ ಅನಿವಾರ್ಯವಲ್ಲ. ಅದಿದ್ದರೂ ಡಾಂಬರು ರಸ್ತೆಯಲ್ಲಿ ಅದನ್ನು ಬಿಡಿಸಿ ಓಡಿಸಬೇಕು, ಇಲ್ಲವಾದರೆ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಅಣ್ಣನ ಮನೆಯ ದೊಡ್ಡ ಟ್ರ್ಯಾಕ್ಟರಿನ ಕಲ್ಟಿವೇಟರ್ ಇದಕ್ಕೂ ಆಗುತ್ತದೆಂದು ನಂಬಿ ಬರಬಾರದು. ಜೋಡಣೆಯ ಅಳತೆಯೂ ಎತ್ತುವ ಸಾಮರ್ಥ್ಯವೂ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ ಬಿಡಿಭಾಗ ಮತ್ತು ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ವಿಚಾರಿಸಬೇಕು. ಹದದ ದಿನಗಳಲ್ಲಿ ಒಂದು ಬೇರಿಂಗಿಗಾಗಿ ಮೂರು ದಿನ ಕಾಯುವುದಾದರೆ ಸ್ವಂತ ಯಂತ್ರವಿದ್ದೂ ಇಲ್ಲದಂತೆಯೇ.

ಅಪಾಯ ಮತ್ತು ಕಾನೂನು

ಸಣ್ಣದೆಂಬ ಕಾರಣಕ್ಕೆ ಇದನ್ನು ಹುಡುಗರ ಕೈಗೆ ಕೊಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಚಕ್ರಗಳ ನಡುವಿನ ಅಗಲ ಕಿರಿದಾದ್ದರಿಂದ ಬದು ಹತ್ತಿಳಿಯುವಾಗ ಇದು ಮಗುಚುವ ಸಂಭವವೇ ಹೆಚ್ಚು. ತನಗಿಂತ ಹೆಚ್ಚು ತೂಕದ ಟ್ರೈಲರನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಬಲ ಇದಕ್ಕಿಲ್ಲ. ಟ್ರೈಲರೇ ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡದ ರಕ್ಷಾಕವಚವನ್ನು ಗ್ರೀಸ್ ಹಾಕಲು ಅಡ್ಡಿಯೆಂದು ತೆಗೆದೆಸೆಯುವುದುಂಟು. ಆ ದಂಡ ಸೆಕೆಂಡಿಗೆ ಒಂಬತ್ತು ಸುತ್ತು ಹಾಕುತ್ತದೆ. ಹೆಗಲ ಮೇಲಿನ ಟವೆಲಿನ ತುದಿ, ಸೀರೆಯ ಸೆರಗು ಸಿಕ್ಕಿದರೆ ಕೂಗಲೂ ಸಮಯವಿರುವುದಿಲ್ಲ.

ನೋಂದಣಿ, ಚಾಲನಾ ಪರವಾನಗಿ, ಮೂರನೇ ವ್ಯಕ್ತಿಯ ವಿಮೆ ಮೂರೂ ಕಡ್ಡಾಯ. ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದಾಗಲಿ, ಬಾಡಿಗೆಗೆ ಜಲ್ಲಿ ಇಟ್ಟಿಗೆ ಸಾಗಿಸುವುದಾಗಲಿ ನಿಯಮಕ್ಕೆ ವಿರುದ್ಧ. ಅಪಘಾತವಾದರೆ ಪರಿಹಾರದ ಹೊರೆ ಮಾಲೀಕನ ಮೇಲೆಯೇ ಬೀಳಬಹುದು. ನಮ್ಮದೇ ಕಾಮಗಾರಿಗಳಿಗೆ ಜಲ್ಲಿ ಯಾವ ಟ್ರೈಲರಿನಲ್ಲಿ ಬರುತ್ತದೆಂಬುದನ್ನು ನಾವೂ ಕಂಡು ಕಾಣದಂತೆ ಇರುತ್ತೇವೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಪಂಚಾಯಿತಿ ಮಟ್ಟದಲ್ಲಿ ಆಗಬಹುದಾದದ್ದು

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಯಾವ ಯಂತ್ರಗಳಿವೆ, ದರವೆಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಮುಂಗಾರಿಗೆ ಮುನ್ನವೇ ಹಾಕಿಸಬಹುದು. ನಮ್ಮ ಪಂಚಾಯಿತಿಯಲ್ಲಿ ಕಳೆದ ವರ್ಷ ಹಾಕಿಸಿದಾಗ, ಅಂಥ ಕೇಂದ್ರವೊಂದಿದೆ ಎಂಬುದೇ ಹಲವರಿಗೆ ಹೊಸ ಸುದ್ದಿಯಾಗಿತ್ತು. ಒಂದೇ ಕಡೆ ಬದು ಹಂಚಿಕೊಂಡ ನಾಲ್ಕೈದು ಕುಟುಂಬಗಳು ಸೇರಿ ಕೊಳ್ಳಲು ಮುಂದಾದರೆ ಸರದಿಯ ಕ್ರಮ, ಡೀಸೆಲ್ ಖರ್ಚು, ದುರಸ್ತಿಯ ಪಾಲು, ಒಬ್ಬರು ಹೊರಹೋದರೆ ಅವರ ಪಾಲಿನ ಬೆಲೆ, ಈ ನಾಲ್ಕನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವಂತೆ ಸದಸ್ಯರು ಒತ್ತಾಯಿಸಬೇಕು. ಅಣ್ಣತಮ್ಮಂದಿರಾದರೆ ಇನ್ನೂ ಗಟ್ಟಿಯಾಗಿ ಒತ್ತಾಯಿಸಬೇಕು. ಸ್ವಸಹಾಯ ಸಂಘಗಳ ಒಕ್ಕೂಟ ಬಾಡಿಗೆಗಾಗಿ ಯಂತ್ರ ಕೊಳ್ಳುವ ಪ್ರಸ್ತಾವ ತಂದರೆ ಮೇಲಿನ ಗಂಟೆಗಳ ಲೆಕ್ಕವನ್ನು ಅವರ ಮುಂದೆಯೂ ಇಡತಕ್ಕದ್ದು. ಚಾಲಕ ಯಾರು ಎಂಬ ಪ್ರಶ್ನೆ ಅಲ್ಲಿ ಮೊದಲನೆಯದು.

ಕೊಳ್ಳಲು ನಿಶ್ಚಯಿಸಿದ ರೈತರಿಗೆ ಮಳಿಗೆಯ ಅಂಗಳದಲ್ಲಿ ಓಡಿಸಿ ನೋಡುವುದು ಸಾಲದು, ಯಂತ್ರವನ್ನು ತಮ್ಮ ಹೊಲಕ್ಕೇ ತರಿಸಿ, ರೋಟವೇಟರ್ ಜೋಡಿಸಿ ಅರ್ಧ ಎಕರೆ ಓಡಿಸಲು ತಿಳಿಸಬೇಕು. ಡೀಸೆಲ್ ಟ್ಯಾಂಕನ್ನು ಮೊದಲು ತುಂಬಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅಂಚಿನವರೆಗೆ ತುಂಬಲು ಎಷ್ಟು ಲೀಟರ್ ಹಿಡಿಯಿತೆಂದು ಅಳೆದರೆ ನಿಜವಾದ ಬಳಕೆ ತಿಳಿಯುತ್ತದೆ. ಗಡಿಯಾರ ನೋಡಿ ಸಮಯವನ್ನೂ ಬರೆದಿಟ್ಟುಕೊಳ್ಳಲಿ. ಆ ಎರಡು ಅಂಕಿಗಳನ್ನು ಹಿಡಿದು ಪಂಚಾಯಿತಿ ಕಚೇರಿಗೆ ಬಂದರೆ ಮೇಲಿನ ಲೆಕ್ಕವನ್ನು ಅವರ ಪಹಣಿಯ ವಿಸ್ತೀರ್ಣಕ್ಕೆ ಹಾಕಿಕೊಡಲು ಹತ್ತು ನಿಮಿಷವೂ ಬೇಡ. ಎರಡೂವರೆ ಎಕರೆಯ ಆ ರೈತರು ಈಗ ಪಕ್ಕದ ಜಮೀನಿನ ಮೂವರ ಜೊತೆ ಸೇರಿ ಯಂತ್ರಧಾರೆಯಿಂದ ಒಂದೇ ದಿನಕ್ಕೆ ಬಾಡಿಗೆ ಗೊತ್ತುಮಾಡುತ್ತಾರೆ. ಬೋಜಾ ತೀರಲು ಅವರ ಲೆಕ್ಕದಂತೆ ಇನ್ನೂ ಎರಡು ಸುಗ್ಗಿ ಬೇಕು.